ಅಡಿಕೆ ಬೆಳೆಗಾರರ ವಾಟ್ಸಾಪ್ ಗುಂಪಿಗೆ ಬೀಗ ಹಾಕೋಣವಾ, ಬೇಡ್ವಾ?

ತೋಟದ ಮಾಣಿ, ಸಾಗರ

ಎಲ್ಲರಿಗೂ ನಮಸ್ಕಾರ. ನಮ್ಮ ಸೀಮೆಯ ಅಡಿಕೆ ಬೆಳೆಗಾರರ ಗುಂಪೊಂದಕ್ಕೆ ನಾನೂ ಒಬ್ಬ ಅಡ್ಮಿನ್. ಆರುನೂರು ಚಿಲ್ಲರೆ ಜನ ಇದ್ದಾರೆ. ಶುರು ಮಾಡಿದ್ದು ದಿನದ ಧಾರಣೆ ತಿಳಿಯಲಿ ಅಂತ. ಆಮೇಲೆ ಕೊಳೆರೋಗದ ಔಷಧಿ, ಅಡಿಕೆ ಗೊನೆ ಕೊಯ್ಯುವ ಕೊನೆಗಾರರ ನಂಬರು, ಸುಲಿಯುವ ಮೆಷಿನ್ನು, ಗೊಬ್ಬರದ ಲೋಡು ಎಲ್ಲ ಅಲ್ಲೇ ಮಾತಾಡತೊಡಗಿದೆವು. ಈಗ ಬೆಳಿಗ್ಗೆ ನೋಡಿದರೆ ಗುಲಾಬಿ ಹೂವಿನ ಗುಡ್ ಮಾರ್ನಿಂಗು, ಯಾವುದೋ ಪಕ್ಷದ ವಿಡಿಯೋ, 'ತಪ್ಪದೇ ಹತ್ತು ಜನಕ್ಕೆ ಕಳಿಸಿ' ಅನ್ನುವ ಮೆಸೇಜು. ರಾಶಿ ಅಡಿಕೆಯ ರೇಟು ಹುಡುಕುವಷ್ಟರಲ್ಲಿ ಕಾಫಿ ಆರಿ ಹೋಗಿರುತ್ತದೆ.

ಮೊನ್ನೆ ಎರಡು ಸಂಗತಿ ಆಯಿತು. ಪಿಎಂ ಕಿಸಾನ್ ಹೆಸರಿನ ಎಪಿಕೆ ಫೈಲೊಂದು, ಅಂದರೆ ಒತ್ತಿದರೆ ಫೋನಿಗೆ ಮೋಸದ ಆ್ಯಪ್ ಇಳಿಸುವಂಥದು, ಗುಂಪಿಗೆ ಬಂತು. ಬಂದದ್ದು ಊರಿನ ಹಿರಿಯರೊಬ್ಬರ ನಂಬರಿನಿಂದ. ಅವರಿಗೆ ಅದರ ಗಂಧಗಾಳಿಯೂ ಇಲ್ಲ. ಇನ್ನೊಂದು, ಯಾರದೋ ಆಡಿಯೋ. ಕೊಳೆಗೆ ಹೊಡೆಯುವ ಬೋರ್ಡೋ ದ್ರಾವಣದ ಜೊತೆಗೇ ಒಂದು ಕೀಟನಾಶಕ ಬೆರೆಸಿ ಹೊಡೆದರೆ ಒಂದೇ ಖರ್ಚಿನಲ್ಲಿ ಕೊಳೆಯೂ ಹೋಗುತ್ತೆ, ಹುಳವೂ ಹೋಗುತ್ತೆ ಅಂತ. ಇಬ್ಬರು ನಂಬಿ ಹೊಡೆಸಿಯೂ ಆಗಿದೆ.

ಈಗ ಹಿರಿಯರೆಲ್ಲ ಸೇರಿ, 'ಅಡ್ಮಿನ್ ಮಾತ್ರ ಮೆಸೇಜ್ ಹಾಕುವ ಹಾಗೆ ಮಾಡಿಬಿಡು' ಅಂತಿದ್ದಾರೆ. ನನಗೆ ಮನಸ್ಸಿಲ್ಲ. ಆದರೆ ಬೇಡ ಅನ್ನೋಕೆ ಕಾರಣವೂ ಸರಿಯಾಗಿ ಸಿಗುತ್ತಿಲ್ಲ. ಎರಡೂ ಥರದ ಗುಂಪು ನಡೆಸಿದವರು ಇದ್ದರೆ ಹೇಳಿ.

ಸೋಂದಾ ಭಾವ, ಶಿರಸಿ

ಹಾಕು ಮಾಣಿ ಬೀಗ. ನಮ್ಮದು ಹಾಕಿ ಎರಡು ಮಳೆಗಾಲ ಕಳೆಯಿತು. ಸಂಜೆ ಒಂದು ಮೆಸೇಜು ಬರುತ್ತದೆ: ರಾಶಿ ಇಷ್ಟು, ಚಾಲಿ ಇಷ್ಟು, ಬಿಳಿಗೋಟು ಇಷ್ಟು. ಓದಿ ಫೋನು ಕಿಸೆಗೆ. ಜಗಳ ಇಲ್ಲ, ರಗಳೆ ಇಲ್ಲ.

ತೀರ್ಥಹಳ್ಳಿ ಅಕ್ಕ

ಭಾವ, ಬೀಗ ಹಾಕಿದ ಮೇಲೆ ಯಾರಿಗಾದರೂ ಏನಾದರೂ ಕೇಳಬೇಕಿದ್ದರೆ ಏನು ಮಾಡುತ್ತಾರೆ?

ಸೋಂದಾ ಭಾವ, ಶಿರಸಿ

ನನಗೆ ಫೋನ್ ಮಾಡ್ತಾರೆ.

ತೀರ್ಥಹಳ್ಳಿ ಅಕ್ಕ

ನಿಮ್ಮ ಪರಿಚಯ ಇರುವವರು ಮಾಡ್ತಾರೆ. ಉಳಿದವರು?

ಕೊಪ್ಪದ ಕಂಗು

ಮಾಣಿ, ನಿಮಗೆ ಕಾರಣ ಬೇಕು ಅಂದಿರಲ್ಲ, ನಾನು ಒಂದು ಕೊಡುತ್ತೇನೆ. ಎಲೆಚುಕ್ಕೆ ರೋಗ.

ನಮ್ಮ ಕಡೆ ಅದು ಜೋರಾದ ವರ್ಷ ಮೊದಲು ಯಾರಿಗೂ ಏನು ಅಂತಲೇ ಗೊತ್ತಾಗಲಿಲ್ಲ. ಒಬ್ಬರು ಪೊಟ್ಯಾಶ್ ಕಡಿಮೆಯಾಗಿದೆ ಅಂದರು, ಇನ್ನೊಬ್ಬರು ಬಿಸಿಲು ಹೊಡೆತ ಅಂದರು. ಗುಂಪಿನಲ್ಲಿ ಒಬ್ಬ ಹುಡುಗ ಸೋಗೆಯನ್ನು ಬಿಸಿಲಿಗೆ ಅಡ್ಡ ಹಿಡಿದು ಫೋಟೋ ತೆಗೆದು ಹಾಕಿದ. ಕಂದು ಚುಕ್ಕೆ, ಸುತ್ತ ಹಳದಿ ಉಂಗುರ. ಅದರ ಕೆಳಗೆ ಒಂದೊಂದೇ ಫೋಟೋ ಬರತೊಡಗಿತು. ಕಳಸದಿಂದ ಒಂದು, ಶೃಂಗೇರಿಯಿಂದ ಎರಡು, ಹೊಸನಗರದಿಂದ ಇನ್ನೊಂದು. ಎಲ್ಲದರಲ್ಲೂ ಅದೇ ಉಂಗುರ. ಇದು ನನ್ನ ತೋಟದ ಗ್ರಹಚಾರ ಅಲ್ಲ, ಸೀಮೆಗೇ ಬಂದದ್ದು ಅಂತ ಗೊತ್ತಾಗಿದ್ದು ಆ ಫೋಟೋಗಳ ಸಾಲು ನೋಡಿ. ಆಮೇಲೆ ವಿಜ್ಞಾನಿಗಳು ಬಂದು ಶಿಲೀಂಧ್ರ ಅಂದರು. ಕೊಲೆಟೋಟ್ರೈಕಮ್ ಅಂತ ಒಂದು, ಫಿಲ್ಲೋಸ್ಟಿಕ್ಟಾ ಅಂತ ಇನ್ನೊಂದು.

ಇದರಲ್ಲಿ ಇನ್ನೊಂದು ಮಾತಿದೆ. ಈ ರೋಗ ಗಾಳಿ ಮಳೆಯಲ್ಲಿ ಹರಡುತ್ತದೆ. ನಾನೊಬ್ಬ ರೋಗದ ಸೋಗೆ ಕಡಿಸಿ ಸುಟ್ಟು, ಔಷಧಿ ಹೊಡೆಸಿದರೆ ಏನು ಬಂತು? ಪಕ್ಕದ ತೋಟದವರು ಸುಮ್ಮನಿದ್ದರೆ ಮುಂದಿನ ಮಳೆಗೆ ಮತ್ತೆ ಬಂತು. ಇಡೀ ಬಯಲಿನವರು ಒಂದೇ ಹೊತ್ತಿಗೆ ಮಾಡಬೇಕು. ಅದಕ್ಕೆ 'ನಾಡಿದ್ದು ನಮ್ಮಲ್ಲಿ ಆಳು ಬರ್ತಾರೆ, ನಿಮ್ಮಲ್ಲಿ ಯಾವಾಗ?' ಅಂತ ಒಬ್ಬರಿಗೊಬ್ಬರು ಕೇಳಬೇಕು. ಮೇಲಿಂದ ಒಂದೇ ಕಡೆಯಿಂದ ಬರುವ ಮೆಸೇಜಿನಲ್ಲಿ ಇದು ಆಗೋದಿಲ್ಲ. ಇಲಾಖೆಯ ಕರಪತ್ರ ನಮಗೂ ಬಂದಿತ್ತು. ಚೆನ್ನಾಗಿಯೇ ಇತ್ತು. ಓದಿದವರು ತಮಗೆ ಬೇಕಾದ ದಿನ ಹೊಡೆಸಿದರು, ಅಷ್ಟೇ.

ಪುತ್ತೂರಿನ ಓದುಗ

ಕೊಪ್ಪದವರ ಮಾತಿಗೆ ಒಂದು ಒಗ್ಗರಣೆ. ರೈತರು ರೈತರಿಗೇ ಹೇಳುವುದು ಇಂಟರ್ನೆಟ್ಟಿನಿಂದ ಶುರುವಾದದ್ದಲ್ಲ. ನಮ್ಮೂರಿನಲ್ಲಿ 1988ರಲ್ಲಿ 'ಅಡಿಕೆ ಪತ್ರಿಕೆ' ಶುರುವಾಯಿತು. ಅದರ ಸಂಪಾದಕ ಶ್ರೀ ಪಡ್ರೆಯವರು 'ಕೃಷಿಕರ ಕೈಗೆ ಲೇಖನಿ' ಅಂದರು. ತೋಟದಲ್ಲಿ ಮಾಡಿ ನೋಡಿದವನೇ ಬರೆಯಬೇಕು ಅನ್ನುವುದು ಅಲ್ಲಿನ ಪಟ್ಟು. ನಮ್ಮ ಅಪ್ಪ ಪೋಸ್ಟ್ ಕಾರ್ಡಿನಲ್ಲಿ ಪ್ರಶ್ನೆ ಬರೆದು ಹಾಕುತ್ತಿದ್ದರು.

ಆದರೆ ಆ ಲೇಖನಿಗೂ ಓದುಗನಿಗೂ ನಡುವೆ ಒಬ್ಬ ಸಂಪಾದಕ ಇದ್ದ. 'ನೀವೇ ಮಾಡಿದ್ದಾ? ಎಷ್ಟು ಮರಕ್ಕೆ? ಎಷ್ಟು ವರ್ಷ ಆಯ್ತು?' ಅಂತ ಕೇಳುವವ. ವಾಟ್ಸಾಪ್ ಬಂದಾಗ ಲೇಖನಿ ಎಲ್ಲರ ಕೈಗೂ ಸಿಕ್ಕಿತು, ಆ ಮೂರು ಪ್ರಶ್ನೆ ಕೇಳುವವ ಮಾತ್ರ ಕಾಣೆಯಾದ. ನನ್ನ ಪ್ರಕಾರ ಅಡ್ಮಿನ್ ಆದವನ ಕೆಲಸ ಬೀಗ ಹಾಕೋದಲ್ಲ, ಆ ಪ್ರಶ್ನೆ ಕೇಳೋದು.

ಸೋಂದಾ ಭಾವ, ಶಿರಸಿ

ಹೇಳೋಕೆ ಚಂದ. ಸಂಪಾದಕರಿಗೆ ತಿಂಗಳಿಗೊಂದು ಸಂಚಿಕೆ. ನನಗೆ ದಿನಕ್ಕೆ ಇನ್ನೂರು ಮೆಸೇಜು. ಕೊನೆ ಕೊಯ್ಲಿನ ಹೊತ್ತಲ್ಲಿ ಅಂಗಳದಲ್ಲಿ ಅಡಿಕೆ ಬೇಯಿಸುತ್ತಿರುವಾಗ ಯಾರ ಆಡಿಯೋ ಕೇಳಿ ಪರೀಕ್ಷೆ ಮಾಡಲಿ? ಸಂಬಳ ಯಾರು ಕೊಡ್ತಾರೆ?

ಔರಾದ್ ಕಡೆಯವ

ನಾನು ಅಡಿಕೆಯವನಲ್ಲ, ತೊಗರಿ ಸೀಮೆಯವ. ಆದರೂ ಹೇಳಬೇಕು ಅನಿಸಿತು.

2018ರ ಜುಲೈ, ನಮ್ಮ ಬೀದರ್ ಜಿಲ್ಲೆಯ ಮುರ್ಕಿ. ಹೈದರಾಬಾದಿನಿಂದ ಕಾರಿನಲ್ಲಿ ಬಂದಿದ್ದ ಗೆಳೆಯರು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಅಷ್ಟಕ್ಕೇ ಮಕ್ಕಳ ಕಳ್ಳರು ಅಂತ ಗುಲ್ಲೆದ್ದಿತು. ಅವರು ಕಾರು ಹತ್ತಿ ಹೊರಟರು. ಕಾರಿಗಿಂತ ಮೊದಲೇ ಅವರ ವಿಡಿಯೋ ಮುಂದಿನ ಊರಿನ ಗುಂಪಿಗೆ ಮುಟ್ಟಿತ್ತು. ಅಲ್ಲಿ ರಸ್ತೆಗೆ ಅಡ್ಡ ಹಾಕಿ ಕಾಯುತ್ತಿದ್ದರು. ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್ ಸತ್ತ. ಬಿಡಿಸೋಕೆ ಹೋದ ಪೊಲೀಸರಿಗೂ ಏಟು ಬಿತ್ತು. ಬಂಧನ ಆದವರಲ್ಲಿ ಗುಂಪಿನ ಅಡ್ಮಿನ್ನೂ ಇದ್ದ.

ಆ ವರ್ಷ ದೇಶದ ತುಂಬ ಓಡಾಡಿದ ಒಂದು ವಿಡಿಯೋ ನಿಮಗೆ ನೆನಪಿರಬಹುದು. ಬೈಕಿನಲ್ಲಿ ಬಂದವರು ಆಡುವ ಮಗುವನ್ನು ಎತ್ತಿಕೊಂಡು ಹೋಗುವುದು. ಅದು ಕರಾಚಿಯ ಒಂದು ಸಂಸ್ಥೆ ಮಾಡಿಸಿದ ಜಾಗೃತಿಯ ಜಾಹೀರಾತು. ಕೊನೆಯಲ್ಲಿ ಮಗುವನ್ನು ವಾಪಸ್ ಬಿಟ್ಟು ಫಲಕ ತೋರಿಸುತ್ತಾರೆ. ಆ ತುಣುಕನ್ನು ಯಾರೋ ಕತ್ತರಿಸಿ ಹಾಕಿದ್ದರು. ಕತ್ತರಿಸಿದವ ಯಾರು ಅಂತ ನಮ್ಮೂರಿನಲ್ಲಿ ಯಾರೂ ಕೇಳಲಿಲ್ಲ. ಎಲ್ಲರೂ ಒಳ್ಳೆಯ ಮನಸ್ಸಿನಿಂದಲೇ ಕಳಿಸಿದರು, ಮಕ್ಕಳು ಹುಷಾರಾಗಿರಲಿ ಅಂತ.

ನಿಮ್ಮ ಗುಂಪಿನಲ್ಲಿ ಬೋರ್ಡೋ ತಪ್ಪಾದರೆ ಬೆಳೆ ಹೋಗುತ್ತದೆ. ಅದನ್ನು ಸಣ್ಣದು ಅನ್ನುತ್ತಿಲ್ಲ. ಇಂಥದೂ ಆಗುತ್ತದೆ ಅಂತ ಹೇಳಿದೆ.

ಹಳೇ ನೋಕಿಯಾ

ಔರಾದ್ ಅಣ್ಣ, ಬೇಸರ ಮಾಡಿಕೊಳ್ಳಬೇಡಿ, ಆದರೆ ಇದು ವಾಟ್ಸಾಪಿನ ತಪ್ಪು ಮಾತ್ರ ಅಲ್ಲ. 2012ರ ಆಗಸ್ಟಿನಲ್ಲಿ ನಾನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೆ. ಈಶಾನ್ಯ ರಾಜ್ಯದವರ ಮೇಲೆ ಹಲ್ಲೆ ಆಗುತ್ತೆ ಅಂತ ಸುದ್ದಿ ಹಬ್ಬಿ ಸಾವಿರಾರು ಜನ ಮೆಜೆಸ್ಟಿಕ್ ರೈಲು ನಿಲ್ದಾಣಕ್ಕೆ ಬಂದುಬಿಟ್ಟರು. ಗುವಾಹಟಿಗೆ ವಿಶೇಷ ರೈಲು ಬಿಡಬೇಕಾಯಿತು. ಆಗ ಸರ್ಕಾರ ಏನು ಮಾಡಿತು ಗೊತ್ತಾ? ಹದಿನೈದು ದಿನ ದೇಶದಲ್ಲೆಲ್ಲ ಒಟ್ಟಿಗೆ ಐದಕ್ಕಿಂತ ಹೆಚ್ಚು ಎಸ್ಸೆಮ್ಮೆಸ್ ಕಳಿಸುವಂತಿಲ್ಲ ಅಂತ ಮಾಡಿತು.

ಬೆಂಗ್ಳೂರು ಸೇರಿದ ಮಗ

ಆ ಐದು ಆಮೇಲೂ ಬಂತು ನೋಡಿ. 2018ರಲ್ಲಿ ಇಂಥ ಸಾವುಗಳೆಲ್ಲ ಆದ ಮೇಲೆ ವಾಟ್ಸಾಪಿನವರು ಭಾರತದಲ್ಲಿ ಒಂದು ಮೆಸೇಜನ್ನು ಒಂದು ಸಲಕ್ಕೆ ಐದೇ ಕಡೆ ಫಾರ್ವರ್ಡ್ ಮಾಡಬಹುದು ಅಂತ ಮಾಡಿದರು. 'ಫಾರ್ವರ್ಡೆಡ್' ಅನ್ನುವ ಗುರುತು ಬಂದದ್ದೂ, 'ಅಡ್ಮಿನ್ ಮಾತ್ರ' ಅನ್ನುವ ಸೌಲಭ್ಯ ಬಂದದ್ದೂ ಅದೇ ವರ್ಷ. 2020ರ ಏಪ್ರಿಲ್‌ನಲ್ಲಿ ಕೊರೋನಾ ಸುದ್ದಿಗಳ ಕಾಟಕ್ಕೆ ಇನ್ನೂ ಬಿಗಿ ಮಾಡಿದರು. ತುಂಬ ಕೈ ದಾಟಿ ಬಂದ ಮೆಸೇಜನ್ನು ಒಂದು ಸಲಕ್ಕೆ ಒಂದೇ ಕಡೆ ಕಳಿಸಬಹುದು. ಅದಾದ ಮೇಲೆ ಅಂಥ ಮೆಸೇಜುಗಳ ಓಡಾಟ ನೂರಕ್ಕೆ ಎಪ್ಪತ್ತರಷ್ಟು ಇಳಿಯಿತು ಅಂತ ಅವರೇ ಹೇಳಿಕೊಂಡರು.

ಇದರಲ್ಲಿ ನಾವು ಗಮನಿಸಬೇಕಾದ್ದು ಇಷ್ಟೇ: ಅವರು ಜನರ ಬಾಯಿ ಮುಚ್ಚಿಸಲಿಲ್ಲ. ನೀವು ಬರೆಯೋದಕ್ಕೆ ಯಾವ ಲೆಕ್ಕವೂ ಇಲ್ಲ. ಇನ್ನೊಬ್ಬರದನ್ನು ದಾಟಿಸೋದಕ್ಕೆ ಮಾತ್ರ ಒಂದು ಸಣ್ಣ ಅಡ್ಡಗೋಲು. ಮಾಣಿ, ನಿಮ್ಮ ಗುಂಪಿನಲ್ಲಿ ತೊಂದರೆ ಕೊಟ್ಟ ಎರಡನ್ನೂ ನೋಡಿ. ಎಪಿಕೆ ಫೈಲು, ಆಡಿಯೋ. ಎರಡೂ ಹೊರಗಿನಿಂದ ಬಂದು ದಾಟಿದ್ದು. ನಿಮ್ಮವರು ತಾವಾಗಿ ಬರೆದದ್ದಲ್ಲ. ಗುರುತು ಸುಲಭ: ಮೆಸೇಜಿನ ಮೇಲೆ ಒಂದು ಬಾಣ ಇದ್ದರೆ ಫಾರ್ವರ್ಡು, ಎರಡು ಬಾಣ ಇದ್ದರೆ ಊರೂರು ತಿರುಗಿ ಬಂದದ್ದು. ಎರಡು ಬಾಣದ್ದನ್ನು ಕಣ್ಣು ಮುಚ್ಚಿಕೊಂಡು ಅಳಿಸಿ. ಬೇರೆಯವರ ಮೆಸೇಜನ್ನು ಎಲ್ಲರಿಗೂ ಕಾಣದ ಹಾಗೆ ಅಳಿಸುವ ಅಧಿಕಾರ ಅಡ್ಮಿನ್‌ಗೆ ಈಗ ಇದೆ.

ಎಪಿಕೆ ವಿಷಯ: ಅದನ್ನು ಯಾರಾದರೂ ಇನ್‌ಸ್ಟಾಲ್ ಮಾಡಿದ್ದಾರಾ ಅಂತ ಇವತ್ತೇ ಕೇಳಿ. ಮಾಡಿದ್ದರೆ ಮೊದಲು ನೆಟ್ ಬಂದ್ ಮಾಡಿ, ಬ್ಯಾಂಕಿಗೆ ಹೇಳಲಿ. ಹಣ ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕೂಡಲೇ ಫೋನ್ ಮಾಡಬೇಕು. ಬೇಗ ಹೇಳಿದಷ್ಟೂ ಹಣ ತಡೆಹಿಡಿಯುವ ಸಾಧ್ಯತೆ ಜಾಸ್ತಿ. 'ಮರ್ಯಾದೆ ಹೋಗುತ್ತೆ' ಅಂತ ಎರಡು ದಿನ ಸುಮ್ಮನಿರುವವರೇ ಹೆಚ್ಚು ಕಳೆದುಕೊಳ್ಳೋದು.

ತೋಟದ ಮಾಣಿ, ಸಾಗರ

ಇಬ್ಬರು ಒತ್ತಿದ್ದರಂತೆ. ಒಬ್ಬರ ಫೋನಿನಿಂದಲೇ ಅದು ಉಳಿದ ಗುಂಪುಗಳಿಗೂ ಹೋಗಿದೆ. ಬ್ಯಾಂಕಿಗೆ ಹೇಳಿಸಿದೆ. ಹಣ ಹೋಗಿಲ್ಲ, ಸದ್ಯ.

ಇನ್ನೊಂದು ಭಯ. ಗುಂಪಿನಲ್ಲಿ ಯಾರೋ ಏನೋ ಹಾಕಿದರೆ ಅಡ್ಮಿನ್ ಜೈಲಿಗೆ ಅಂತಾರಲ್ಲ, ನಿಜವಾ? ಮನೆಯಲ್ಲಿ ಇದೇ ಮಾತು ದಿನಾ.

ಕರಿ ಕೋಟು

ಅರ್ಧ ನಿಜ, ಅರ್ಧ ಹೆದರಿಕೆ. 2021ರಲ್ಲಿ ಬಾಂಬೆ ಹೈಕೋರ್ಟಿನ ನಾಗಪುರ ಪೀಠ, 2022ರಲ್ಲಿ ಕೇರಳ ಹೈಕೋರ್ಟು, ಎರಡೂ ಹೇಳಿದ್ದು ಹೆಚ್ಚುಕಡಿಮೆ ಒಂದೇ: ಸದಸ್ಯ ಹಾಕಿದ ಮೆಸೇಜಿಗೆ, ಬರೀ ಅಡ್ಮಿನ್ ಅನ್ನುವ ಕಾರಣಕ್ಕೆ ಅಡ್ಮಿನ್ ಹೊಣೆಯಲ್ಲ. ಅವನೂ ಅದರಲ್ಲಿ ಕೈ ಜೋಡಿಸಿದ್ದ ಅಂತ ತೋರಿಸಬೇಕು. ಮೆಸೇಜು ಬರುವ ಮೊದಲೇ ನೋಡಿ ತಡೆಯುವ ಶಕ್ತಿ ಅಡ್ಮಿನ್‌ಗೆ ಇಲ್ಲ ಅನ್ನುವುದು ಅಲ್ಲಿನ ತರ್ಕ.

ಹಾಗಂತ ಆರಾಮಾಗಿ ಕೂರಬೇಡಿ. ಅಳಿಸುವ ಗುಂಡಿ ಈಗ ನಿಮ್ಮ ಕೈಯಲ್ಲಿದೆ. ಕೋಮು ದ್ವೇಷದ ವಿಡಿಯೋ, ಹೆಣ್ಣುಮಕ್ಕಳ ಚಿತ್ರ ಬಂದಾಗ ನೋಡಿಯೂ ಬಿಟ್ಟರೆ ಪೊಲೀಸರು ಕರೆದು ಕೇಳಬಹುದು. ಖುಲಾಸೆ ಆಗುವುದು ಬೇರೆ, ಠಾಣೆಗೆ ಅಲೆಯುವುದು ಬೇರೆ, ಅಲ್ವಾ?

ಇನ್ನೊಂದು. ಯಾರಾದರೂ '66ಎ ಹಾಕಿಸ್ತೀನಿ' ಅಂತ ಹೆದರಿಸಿದರೆ ನಕ್ಕುಬಿಡಿ. ಐಟಿ ಕಾಯ್ದೆಯ ಆ ಕಲಮನ್ನು ಸುಪ್ರೀಂ ಕೋರ್ಟು 2015ರ ಮಾರ್ಚ್ 24ರಂದೇ ರದ್ದು ಮಾಡಿದೆ. ಧಾರಣೆ ಬಗ್ಗೆ ಸಿಟ್ಟಿನಿಂದ ಬರೆಯೋದು ಅಪರಾಧವಲ್ಲ.

ಚನ್ನಗಿರಿ ಗೌಡ

ಧಾರಣೆ ಮಾತು ಬಂತಲ್ಲ, ನಾನೂ ಒಂದು ಹೇಳ್ತೀನಿ. 2022ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಭೂತಾನಿನಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆ ತರಿಸಲು ಬಿಟ್ಟಿತು, 'ಇದಕ್ಕಿಂತ ಕಡಿಮೆಗೆ ತರಿಸುವಂತಿಲ್ಲ' ಅನ್ನುವ ಕನಿಷ್ಠ ಆಮದು ಬೆಲೆಯ ಷರತ್ತು ಇಲ್ಲದೆ. ಸುದ್ದಿ ನಿಜ. ಆದರೆ ನಮ್ಮ ಗುಂಪಿಗೆ ಬರುವಾಗ 'ಹಸಿ' ಅನ್ನೋದು ಉದುರಿ ಹೋಗಿತ್ತು. 'ಇನ್ನು ರಾಶಿ ನೆಲ ಕಚ್ಚಿತು, ಸಿಕ್ಕಷ್ಟಕ್ಕೆ ಕೊಡಿ' ಅಂತ ಒಂದು ಬಾಲ ಬೇರೆ ಸೇರಿತ್ತು. ಹಸಿ ಅಡಿಕೆ ಸುಲಿದು ಒಣಗಿಸಿದರೆ ತೂಕ ಎಷ್ಟಕ್ಕೆ ಇಳಿಯುತ್ತೆ ಅಂತ ನಮ್ಮವರಿಗೆ ಹೇಳಿಕೊಡಬೇಕಾ? ಅದೂ ದೇಶದಲ್ಲಿ ವರ್ಷಕ್ಕೆ ಹತ್ತು ಲಕ್ಷ ಟನ್ನಿಗೂ ಮೀರಿ ಬೆಳೆಯುವಾಗ. ಆದರೂ ಜನ ಹೆದರಿ ಚೀಲ ಹೊರಗೆ ತೆಗೆದರು. ಆ ಬಾಲ ಸೇರಿಸಿದವರು ಯಾರೋ, ಆ ವಾರ ಅಗ್ಗದಲ್ಲಿ ಕೊಂಡವರು ಯಾರೋ. ನನಗೆ ಅನುಮಾನ ಇದೆ, ಸಾಕ್ಷಿ ಇಲ್ಲ.

ತಡೆದದ್ದು ಯಾರು? ಗುಂಪಿನವರೇ. ಡಿಗ್ರಿ ಓದುವ ಹುಡುಗಿಯೊಬ್ಬಳು ಆದೇಶದ ಪ್ರತಿ ಹುಡುಕಿ ಹಾಕಿ, 'ಹಸಿ' ಅನ್ನುವ ಪದಕ್ಕೆ ಕೆಂಪು ಗೆರೆ ಎಳೆದಳು. ಅಡ್ಮಿನ್ ಮಾತ್ರ ಅಂತ ಇದ್ದಿದ್ದರೆ ಅವಳು ಎಲ್ಲಿ ಹಾಕಬೇಕಿತ್ತು? ನಮ್ಮ ಅಡ್ಮಿನ್ನೇ ಮೊದಲು ಆ ಸುದ್ದಿ ಹಾಕಿದ್ದು! ಮುಂದಿನ ಫೆಬ್ರವರಿಯಲ್ಲಿ ಕನಿಷ್ಠ ಆಮದು ಬೆಲೆಯನ್ನು ಕಿಲೋಗೆ 251ರಿಂದ 351 ರೂಪಾಯಿಗೆ ಏರಿಸಿದರು. ಕಾದವರು ಪುಣ್ಯವಂತರು.

ಸೋಂದಾ ಭಾವ, ಶಿರಸಿ

ಗೌಡ್ರೇ, ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಅಡ್ಮಿನ್ನೇ ತಪ್ಪು ಹಾಕಿದರೆ ಅಂತ ನಾನು ಯೋಚನೆ ಮಾಡಿರಲಿಲ್ಲ. ಆದರೂ ಹೇಳ್ತೇನೆ, ನಿಮಗೆ ಆ ಹುಡುಗಿ ಸಿಕ್ಕಳು. ಎಲ್ಲ ಗುಂಪಿಗೂ ಸಿಗೋದಿಲ್ಲ.

ದೋಟಿ ಹಿಡಿದವ, ಸಿದ್ದಾಪುರ

ಮಾತು ಎಲ್ಲೆಲ್ಲಿಗೋ ಹೋಯಿತು. ಆ ಬೋರ್ಡೋ ಆಡಿಯೋ ಕೇಳಿದವರು ಇಲ್ಲೂ ಇರಬಹುದು, ಅದಕ್ಕೇ ಬರೀತಿದ್ದೇನೆ. ನಾನು ಔಷಧಿ ಹೊಡೆಯುವ ಕೆಲಸದವ.

ಬೋರ್ಡೋ ಮಾಡೋಕೆ ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತ (ಕಾಪರ್ ಸಲ್ಫೇಟ್), ಒಂದು ಕಿಲೋ ಸುಣ್ಣ. ಮೈಲುತುತ್ತ ಐವತ್ತು ಲೀಟರಿನಲ್ಲಿ ಬೇರೆ ಕರಗಿಸಿ, ಸುಣ್ಣ ಐವತ್ತರಲ್ಲಿ ಬೇರೆ. ಪ್ಲಾಸ್ಟಿಕ್ ಡ್ರಮ್ಮೇ ಆಗಬೇಕು. ಆಮೇಲೆ ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಸಣ್ಣಗೆ ಹೊಯ್ಯುತ್ತ ಕಲಕಬೇಕು. ಕೈ ಬಿಡಬಾರದು. ಆಕಾಶ ನೀಲಿ ಬಣ್ಣ ಬರುತ್ತದೆ. ಉಜ್ಜಿದ ಚಾಕುವನ್ನು ಸ್ವಲ್ಪ ಹೊತ್ತು ಅದ್ದಿ ತೆಗೆಯಿರಿ. ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಹುಳಿ ಜಾಸ್ತಿ, ಇನ್ನೂ ಸುಣ್ಣದ ನೀರು ಬೇಕು. ಏನೂ ಕೂರದಿದ್ದರೆ ಸರಿ. ಅದೇ ದಿನ ಹೊಡೆದು ಮುಗಿಸಬೇಕು, ಮಾರನೆ ದಿನಕ್ಕೆ ಇಟ್ಟರೆ ಪ್ರಯೋಜನ ಇಲ್ಲ.

ಸುಣ್ಣ ಇರುವುದರಿಂದ ಬೋರ್ಡೋ ಕ್ಷಾರ. ಹೆಚ್ಚಿನ ಕೀಟನಾಶಕ ಅದರಲ್ಲಿ ಬೆರೆಸಿದರೆ ಕೆಟ್ಟು ಹೋಗುತ್ತದೆ, ದುಡ್ಡೂ ದಂಡ. ಇಷ್ಟು ಆ ಗುಂಪಿನಲ್ಲೇ ಯಾರಾದರೂ ಹೇಳಿದ್ದರೆ ಮುಗಿಯುತ್ತಿತ್ತು. ಗೊತ್ತಿರುವವರು ಹತ್ತಾರು ಜನ ಇರ್ತಾರೆ. ನಮಗ್ಯಾಕೆ ಅಂತ ಸುಮ್ನಿರ್ತಾರೆ, ದೊಡ್ಡವರಿಗೆ ಎದುರಾಡಿದ ಹಾಗಾಗುತ್ತೆ ಅಂತ. ನಾನೂ ಹಾಗೇ ಇರುವವನೇ. ಇಲ್ಲಿ ಯಾರಿಗೂ ನನ್ನ ಮುಖ ಗೊತ್ತಿಲ್ಲ, ಅದಕ್ಕೆ ಬರೆದೆ.

ತೀರ್ಥಹಳ್ಳಿ ಅಕ್ಕ

ದೋಟಿಯಣ್ಣ ಹೇಳಿದ್ದು ನಮಗೂ ಅನ್ವಯ. ನಮ್ಮ ಸೀಮೆಯ ಗುಂಪಿನಲ್ಲಿ ಹೆಂಗಸರು ಇದ್ದಾರೆ, ಮಾತಾಡೋದಿಲ್ಲ. ಸುಲಿಸೋದು, ಬೇಯಿಸೋದು, ಒಣಗಿಸೋದು ನೋಡಿಕೊಳ್ಳುವವರು ನಾವು. ಅಡಿಕೆ ಬೇಯಿಸಿದ ನೀರು, ಅಂದರೆ ಚೊಗರಿನ ಹದದ ಬಗ್ಗೆ ಗಂಡಸರು ತಪ್ಪು ಬರೆದರೂ ಓದಿ ಸುಮ್ಮನಾಗ್ತೇವೆ. ಯಾಕೆ ಗೊತ್ತಾ? ಒಂದು ಮೆಸೇಜು ಹಾಕಿದರೆ ಸಾಕು, ನಂಬರು ಆರುನೂರು ಜನರ ಕಣ್ಣಿಗೆ ಬಿತ್ತು. ನಾನು ಒಮ್ಮೆ ಗೇರುಬೀಜದ ರೇಟು ಕೇಳಿದ್ದಕ್ಕೆ ರಾತ್ರಿ ಹತ್ತಕ್ಕೆ 'ಹಾಯ್ ಮೇಡಂ' ಬಂತು. ಅಡ್ಮಿನ್‌ಗೆ ಹೇಳಿದರೆ 'ಅವರು ಹಾಗಲ್ಲ, ತಮಾಷೆ' ಅಂದರು.

ಆದ್ದರಿಂದ ಮುಕ್ತ ಗುಂಪು, ಮುಕ್ತ ಗುಂಪು ಅಂತ ಹೊಗಳುವವರು ಇದನ್ನೂ ನೋಡಿ. ಬಾಗಿಲು ತೆರೆದಿದ್ದ ಮಾತ್ರಕ್ಕೆ ಎಲ್ಲರೂ ಒಳಗೆ ಬಂದ ಹಾಗಾಗಲಿಲ್ಲ. ಬೀಗವೂ ಬೇಡ, ಆದರೆ ಕಾಟ ಕೊಟ್ಟವನನ್ನು ಅದೇ ದಿನ ತೆಗೆಯಬೇಕು. ವಿಚಾರಣೆ, ರಾಜಿ ಪಂಚಾಯ್ತಿ ಎಲ್ಲ ಬೇಡ.

ಬೆಂಗ್ಳೂರು ಸೇರಿದ ಮಗ

ಅಕ್ಕ, ವಾಟ್ಸಾಪಿನಲ್ಲಿ 'ಕಮ್ಯುನಿಟಿ' ಅಂತ ಬಂದಿದೆ. ಅದರ ಪ್ರಕಟಣೆಯ ಗುಂಪಿನಲ್ಲಿ ಸದಸ್ಯರ ನಂಬರು ಒಬ್ಬರಿಗೊಬ್ಬರಿಗೆ ಕಾಣೋದಿಲ್ಲ. ಅಡಿಯಲ್ಲಿ ಸಣ್ಣ ಸಣ್ಣ ಗುಂಪು ಮಾಡಬಹುದು: ಧಾರಣೆಗೆ ಒಂದು, ರೋಗಕ್ಕೆ ಒಂದು, ಹೆಂಗಸರದ್ದೇ ಒಂದು. ಸಣ್ಣ ಗುಂಪಿನಲ್ಲಿ ನಂಬರು ಕಾಣುತ್ತೆ, ಅದಕ್ಕೆ ಸೇರುವವರು ಪರಿಚಯದವರೇ ಆಗಿದ್ದರೆ ಒಳ್ಳೆಯದು. ಭಾವನ ಶಾಂತಿಯೂ ಉಳಿಯುತ್ತೆ, ಕೊಪ್ಪದವರ ಫೋಟೋಗೂ ಜಾಗ ಆಗುತ್ತೆ.

ತೋಟದ ಮಾಣಿ, ಸಾಗರ

ಉಳಿದ ಇಬ್ಬರು ಅಡ್ಮಿನ್ ಜೊತೆ ಕೂತು ಮಾತಾಡಿದೆ. ತೀರ್ಮಾನ ಇದು. ಧಾರಣೆಗೆ ಬೀಗದ ಗುಂಪು, ಸಂಜೆ ಒಂದು ಮೆಸೇಜು. ರೋಗ, ಔಷಧಿ, ಆಳು ಇದಕ್ಕೆ ತೆರೆದ ಗುಂಪು. ಅಲ್ಲಿ ಫಾರ್ವರ್ಡು ಪೂರ್ತಿ ಬಂದ್, ಯಾರದಾದರೂ ಸರಿ, ಅಧ್ಯಕ್ಷರದಾದರೂ ಸರಿ. ಔಷಧಿ ವಿಷಯ ಹಾಕುವವರು ಪುತ್ತೂರಿನವರ ಮೂರು ಪ್ರಶ್ನೆಗೆ ಉತ್ತರ ಸೇರಿಸಿಯೇ ಹಾಕಬೇಕು. ಕಾಟ ಕೊಟ್ಟವರು ಅದೇ ದಿನ ಹೊರಗೆ. ಅಡ್ಮಿನ್ ಈಗ ಮೂರು ಜನ, ಆರು ಮಾಡ್ತೇವೆ, ಅದರಲ್ಲಿ ಇಬ್ಬರು ಹೆಂಗಸರು. ವಾರಕ್ಕೊಬ್ಬರು ಪಾಳಿ, ಭಾವ ಹೇಳಿದ ಸಂಬಳದ ಸಮಸ್ಯೆಗೆ ಸದ್ಯಕ್ಕೆ ಇಷ್ಟೇ. ಆಡಿಯೋ ಮೆಸೇಜೂ ಬಂದ್.

ತೀರ್ಥಹಳ್ಳಿ ಅಕ್ಕ

ಆಡಿಯೋ ಯಾಕೆ ಬಂದ್? ನಮ್ಮ ಅತ್ತೆಗೆ ಟೈಪ್ ಮಾಡೋಕೆ ಬರಲ್ಲ. ಕೆಂಪಡಿಕೆ ಹದ ಅವರಿಗಿಂತ ಚೆನ್ನಾಗಿ ಗೊತ್ತಿರುವವರು ನಮ್ಮೂರಿನಲ್ಲಿಲ್ಲ.

ದೋಟಿ ಹಿಡಿದವ, ಸಿದ್ದಾಪುರ

ನನ್ನ ಜೊತೆ ಮರ ಹತ್ತುವ ಹುಡುಗರೂ ಆಡಿಯೋದಲ್ಲೇ ಮಾತಾಡೋದು.

ತೋಟದ ಮಾಣಿ, ಸಾಗರ

ಆಯ್ತು ಅಕ್ಕ. ಬಾಣದ ಗುರುತಿರುವ ಆಡಿಯೋ ಮಾತ್ರ ಬಂದ್. ತಾವೇ ಮಾತಾಡಿದ್ದು, ಊರು ಹೆಸರು ಹೇಳಿ ಶುರು ಮಾಡಿದ್ದು ಇರಲಿ.

ಸೋಂದಾ ಭಾವ, ಶಿರಸಿ

ಆ ನಿಯಮ ಬರೆದದ್ದು ನನಗೂ ಒಂದು ಕಳಿಸು ಮಾಣಿ. ಕೊನೆ ಕೊಯ್ಲು ಮುಗಿದ ಮೇಲೆ ನಮ್ಮಲ್ಲೂ ಒಂದು ತೆರೆದ ಗುಂಪು ಮಾಡಿ ನೋಡ್ತೇನೆ. ಧಾರಣೆಯದ್ದು ಮಾತ್ರ ಬೀಗದಲ್ಲೇ ಇರ್ತದೆ, ಅದನ್ನು ತೆರೆ ಅಂತ ಯಾರೂ ಕೇಳಬೇಡಿ.